ಗಾಳದ ಎರೆ ಎಲ್ಲಿಂದ ಬಂತು? – ವಿದೇಶ ಪ್ರವಾಸಿಗರೂ ವೈಯಕ್ತಿಕ ಮಾಹಿತಿಯ ರಕ್ಷಣೆಯೂ

(ಸಂಘದ ಹಿರಿಯ ನಾಗರಿಕರ ವಿಭಾಗದ ಆಶ್ರಯದಲ್ಲಿ ಮುಂಬಯಿಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಈ ಸಭಾಂಗಣದಲ್ಲಿ ಸಾಮಾನ್ಯವಾಗಿ ಸಾಹಿತ್ಯದ ಬಗ್ಗೆ, ಗಡಿಯ ಬಗ್ಗೆ, ಒಂದೊಂದಾಗಿ ಬಾಗಿಲು ಮುಚ್ಚುತ್ತಿರುವ ನಮ್ಮ ಕನ್ನಡ ಶಾಲೆಗಳ ಬಗ್ಗೆ ಮಾತು ನಡೆಯುತ್ತದೆ. ಇಂದು ಕಾರ್ಯದರ್ಶಿಗಳು ನನಗೆ ಒಪ್ಪಿಸಿರುವ ವಿಷಯ ಅಷ್ಟು ಘನವಾದುದಲ್ಲವೆಂದು ಕೆಲವರಿಗೆ ತೋರಬಹುದು. ಆದರೆ ಇದಕ್ಕೆ ಕಾರಣವಿದೆ. ಸಂಘದ ಪ್ರವಾಸ ಸಮಿತಿ ಈ ವರ್ಷ ಮತ್ತೊಮ್ಮೆ ವಿದೇಶಯಾತ್ರೆಯನ್ನು ಏರ್ಪಡಿಸುತ್ತಿದೆ. ಅದಲ್ಲದೆ ಇಲ್ಲಿ ಕುಳಿತಿರುವವರಲ್ಲಿ ಅನೇಕರ ಮಕ್ಕಳು ಕಡಲಾಚೆ ನೆಲೆಸಿದ್ದಾರೆ. ಊರು ಬಿಟ್ಟು ಮುಂಬಯಿಗೆ ಬಂದುದನ್ನೇ ಪರದೇಶ ಪ್ರಯಾಣವೆಂದು ತಿಳಿದಿದ್ದ ತಲೆಮಾರು ನಮ್ಮದು. ಈಗ ಮಗಳ ಬಾಣಂತನಕ್ಕೆ ನ್ಯೂಜೆರ್ಸಿಗೂ ಮೊಮ್ಮಗನ ಉಪನಯನಕ್ಕೆ ಮೆಲ್ಬರ್ನಿಗೂ ಹೋಗಿಬರುವುದು ನಮ್ಮ ಮನೆಗಳಲ್ಲಿ ವಿಶೇಷ ಸುದ್ದಿಯಲ್ಲ. ಹಾಗೆ ಹೋಗಿಬರುವ ದಾರಿಯಲ್ಲಿ ನಮ್ಮ ಹೆಸರು, ಜನ್ಮದಿನಾಂಕ, ಪಾಸ್‌ಪೋರ್ಟ್ ಸಂಖ್ಯೆ, ಕಾರ್ಡಿನ ವಿವರ ಎಷ್ಟು ಕೈಗಳನ್ನು ದಾಟುತ್ತವೆ, ಆ ಕೈಗಳಿಂದ ಅವು ವಂಚಕರಿಗೆ ಹೇಗೆ ಸೇರುತ್ತವೆ, ಆಮೇಲೆ ಅವೇ ನಮಗೆ ಗಾಳವಾಗಿ ಹೇಗೆ ಹಿಂತಿರುಗುತ್ತವೆ ಎಂಬುದೇ ಇಂದಿನ ವಿಷಯ. ನಾನು ಸರ್ಕಾರಿ ನೌಕರ. ಆದುದರಿಂದ ಇಲ್ಲಿ ಹೇಳುವುದೆಲ್ಲ ನನ್ನ ಸ್ವಂತ ಅಭಿಪ್ರಾಯವೇ ಹೊರತು ಇಲಾಖೆಯದಲ್ಲವೆಂದು ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ.

ಇಂಥ ವಂಚನೆಗೆ ಇಂಗ್ಲಿಷಿನಲ್ಲಿ ಫಿಶಿಂಗ್ ಎನ್ನುತ್ತಾರೆ. ಮೀನು ಹಿಡಿಯುವುದೆಂಬ ಶಬ್ದವನ್ನೇ ಕಾಗುಣಿತ ತಿರುಚಿ 1990ರ ದಶಕದಲ್ಲಿ ಅಮೆರಿಕದ ಗಣಕಚೋರರು ಬಳಕೆಗೆ ತಂದರು. ಈ ಕುರಿತು ಪತ್ರಿಕೆಗಳೂ ಬ್ಯಾಂಕುಗಳೂ ಕೊಡುವ ಉಪದೇಶ ನಿಮಗೆಲ್ಲ ಬಾಯಿಪಾಠವಾಗಿದೆ: ಆಸೆಪಡಬೇಡಿ, ಅಪರಿಚಿತರನ್ನು ನಂಬಬೇಡಿ, ಓಟಿಪಿ ಹೇಳಬೇಡಿ. ಉಪದೇಶ ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಅದರೊಳಗೆ ಒಂದು ಗೃಹೀತವಿದೆ. ಮೋಸಹೋದವನು ಆಸೆಬುರುಕನಾಗಿರಬೇಕು, ಇಲ್ಲವೇ ದಡ್ಡನಾಗಿರಬೇಕು ಎಂಬುದು ಆ ಗೃಹೀತ. ಲಾಟರಿ ಬಂದಿದೆಯೆಂಬ ಪತ್ರಗಳ ಕಾಲಕ್ಕೆ ಅದು ಹೊಂದುತ್ತಿತ್ತು. ಇಂದಿನ ಪ್ರವಾಸಿಗನ ವಿಷಯದಲ್ಲಿ ಅದು ಅನ್ಯಾಯದ ಮಾತು. ಏಕೆಂದರೆ ಇಂದು ಬರುವ ಸಂದೇಶ ಸುಳ್ಳಿನಿಂದ ಆರಂಭವಾಗುವುದಿಲ್ಲ. ನಿಜದಿಂದ ಆರಂಭವಾಗುತ್ತದೆ.

ನನ್ನ ಪರಿಚಯದ ಒಬ್ಬರ ಪ್ರಸಂಗವನ್ನು ಹೇಳುತ್ತೇನೆ. ಅವರು ಮೂವತ್ತು ವರ್ಷಕ್ಕೂ ಮಿಕ್ಕಿ ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು, ಲೆಕ್ಕದಲ್ಲಿ ನಿಷ್ಠುರರು. ಪತ್ನಿಯೊಡನೆ ಯುರೋಪಿಗೆ ಹೋಗಲು ಒಂದು ಪ್ರಸಿದ್ಧ ಜಾಲತಾಣದ ಮೂಲಕ ಹೋಟೆಲಿನಲ್ಲಿ ಕೊಠಡಿ ಕಾಯ್ದಿರಿಸಿದ್ದರು. ಹೊರಡಲು ನಾಲ್ಕು ದಿನವಿರುವಾಗ ಅದೇ ಜಾಲತಾಣದ ಸಂದೇಶಪೆಟ್ಟಿಗೆಗೆ ಹೋಟೆಲಿನ ಹೆಸರಿನಲ್ಲಿ ಒಂದು ಸಂದೇಶ ಬಂದಿತು. ಅದರಲ್ಲಿ ಅವರ ಪೂರ್ಣ ಹೆಸರಿತ್ತು, ಕಾಯ್ದಿರಿಸಿದ ಸಂಖ್ಯೆಯಿತ್ತು, ತಂಗುವ ದಿನಾಂಕಗಳಿದ್ದವು, ಕೊಡಬೇಕಾದ ಮೊತ್ತ ಕಾಸಿನವರೆಗೆ ಸರಿಯಾಗಿತ್ತು. ಕಾರ್ಡಿನ ಪರಿಶೀಲನೆ ಪೂರ್ಣವಾಗಿಲ್ಲ, 24 ಗಂಟೆಯೊಳಗೆ ಈ ಕೊಂಡಿಯಲ್ಲಿ ವಿವರ ತುಂಬದಿದ್ದರೆ ಕೊಠಡಿ ರದ್ದಾಗುತ್ತದೆ ಎಂದಿತ್ತು. ಅವರು ತುಂಬಿದರು. ಸಂಜೆಯೊಳಗೆ 68,000 ರೂಪಾಯಿ ಹೋಗಿತ್ತು, ಅದೂ ಓಟಿಪಿಯನ್ನು ಯಾರೂ ಕೇಳದೆ. ಇದಕ್ಕಿಂತ ಹೆಚ್ಚು ನನ್ನನ್ನು ನೋಯಿಸಿದ್ದು ಇನ್ನೊಂದು ವಿಷಯ. ಆ ಮನುಷ್ಯ ಮೂರು ವಾರ ಯಾರಿಗೂ ಹೇಳಲಿಲ್ಲ. ಮಕ್ಕಳು ನಕ್ಕಾರು, ‘ಅಪ್ಪನಿಗೆ ಇನ್ನು ಫೋನು ಕೊಡಬಾರದು’ ಎಂದಾರು ಎಂಬ ಸಂಕೋಚ. ಹಣ ಹಿಂದಕ್ಕೆ ಬರುವ ಅವಕಾಶವೆಲ್ಲ ಆ ಮೂರು ವಾರಗಳಲ್ಲಿ ಕಳೆದುಹೋಯಿತು.

ಈಗ ಕೇಳಬೇಕಾದ ಪ್ರಶ್ನೆ ಅವರು ಏಕೆ ಒತ್ತಿದರು ಎಂಬುದಲ್ಲ. ಅವರ ಕೊಠಡಿಯ ದಿನಾಂಕವೂ ಮೊತ್ತವೂ ಕಳ್ಳನಿಗೆ ಹೇಗೆ ತಿಳಿಯಿತು?

ನಮ್ಮ ಸಂಘದಲ್ಲಿ ಹೋಟೆಲು ಉದ್ಯಮದವರು ಬಹಳ ಮಂದಿಯಿದ್ದೀರಿ. ಮುಂಬಯಿಯಲ್ಲಿ ಕನ್ನಡಿಗರ ಚರಿತ್ರೆಯನ್ನು ಬರೆಯಹೊರಟರೆ ಅರ್ಧ ಪುಟಗಳು ಹೋಟೆಲಿಗೇ ಸಲ್ಲಬೇಕು. ಆದುದರಿಂದ ಇದು ನಿಮಗೆ ಬೇಗ ಅರ್ಥವಾಗುತ್ತದೆ. ಕಳ್ಳ ಮೊದಲು ಹಿಡಿಯುವುದು ಪ್ರವಾಸಿಗನನ್ನಲ್ಲ, ಹೋಟೆಲಿನ ಸ್ವಾಗತಕಟ್ಟೆಯಲ್ಲಿ ಕುಳಿತ ಹುಡುಗನನ್ನು. ಸೆಕ್ಯೂರ್‌ವರ್ಕ್ಸ್ ಎಂಬ ಗಣಕ ಭದ್ರತಾ ಸಂಸ್ಥೆ 2023ರಲ್ಲಿ ಒಂದು ಪ್ರಕರಣವನ್ನು ವಿವರಿಸಿತು. ‘ನಾನು ನಿಮ್ಮಲ್ಲಿ ತಂಗಿದ್ದೆ, ನನ್ನ ಗುರುತಿನ ದಾಖಲೆ ಅಲ್ಲೇ ಬಿಟ್ಟುಹೋಗಿದೆ, ದಯವಿಟ್ಟು ಹುಡುಕಿಕೊಡಿ’ ಎಂದು ಹೋಟೆಲಿಗೆ ಒಂದು ಮಿಂಚಂಚೆ ಬಂತು. ಅದರಲ್ಲಿ ಕೊಂಡಿಯೂ ಇರಲಿಲ್ಲ, ಲಗತ್ತೂ ಇರಲಿಲ್ಲ. ಹೋಟೆಲಿನವರು ಸೌಜನ್ಯದಿಂದ ಉತ್ತರಿಸಿದರು. ಎರಡನೆಯ ಪತ್ರದಲ್ಲಿ ‘ಪಾಸ್‌ಪೋರ್ಟಿನ ಚಿತ್ರ ಇಲ್ಲಿದೆ’ ಎಂದು ಒಂದು ಕೊಂಡಿ ಬಂತು. ಅದನ್ನು ತೆರೆದೊಡನೆ ಗುಪ್ತಪದಗಳನ್ನು ಕದಿಯುವ ತಂತ್ರಾಂಶ ಆ ಗಣಕಯಂತ್ರದೊಳಕ್ಕೆ ಇಳಿಯಿತು. ಅಲ್ಲಿಂದ ಮುಂದೆ ಬುಕಿಂಗ್ ಡಾಟ್ ಕಾಮ್ ತಾಣದಲ್ಲಿ ಆ ಹೋಟೆಲಿಗಿದ್ದ ಖಾತೆ ಕಳ್ಳನದಾಯಿತು. ಬರಲಿರುವ ಅತಿಥಿಗಳ ಪಟ್ಟಿ ಅವನ ಮುಂದಿತ್ತು, ಅವರಿಗೆ ಅಧಿಕೃತ ಸಂದೇಶ ಕಳುಹಿಸುವ ಬಾಗಿಲೂ ತೆರೆದಿತ್ತು.

ಇಲ್ಲಿ ದುರುಪಯೋಗವಾದದ್ದು ಏನೆಂಬುದನ್ನು ಗಮನಿಸಿ. ಗಿರಾಕಿಯ ಕಷ್ಟಕ್ಕೆ ಮರುಗುವ ಗುಣ, ಎಂದರೆ ಒಳ್ಳೆಯ ಹೋಟೆಲಿನವನ ಮೊದಲ ಲಕ್ಷಣ. ಇದೇ ಜಾಡಿನ ಇನ್ನೊಂದು ದಾಳಿ 2024ರ ಡಿಸೆಂಬರಿನಿಂದ ನಡೆದಿದೆಯೆಂದೂ ದಕ್ಷಿಣ ಏಷ್ಯಾದ ಹೋಟೆಲುಗಳೂ ಅದಕ್ಕೆ ಗುರಿಯಾಗಿವೆಯೆಂದೂ ಮೈಕ್ರೋಸಾಫ್ಟ್ ಸಂಸ್ಥೆ 2025ರ ಮಾರ್ಚ್‌ನಲ್ಲಿ ಪ್ರಕಟಿಸಿತು. ಅಂದರೆ ಇದು ಅಂಧೇರಿಯ ಲಾಡ್ಜಿಗೂ ಬರಬಹುದಾದ ಪತ್ರ.

ಈ ಬಗೆಯ ಸೋರಿಕೆಗೆ ಹಣ ಕಟ್ಟಬೇಕಾಗಿ ಬಂದ ಒಂದು ಪ್ರಕರಣ ಸಾರ್ವಜನಿಕ ದಾಖಲೆಯಲ್ಲಿದೆ. ನಾನು ಹೇಳಿದ ಹಿರಿಯರ ಪ್ರಸಂಗಕ್ಕೂ ಇದಕ್ಕೂ ಸಂಬಂಧವಿಲ್ಲ. 2018ರ ಡಿಸೆಂಬರಿನಲ್ಲಿ ಸಂಯುಕ್ತ ಅರಬ್ ಎಮಿರೇಟ್ಸಿನ 40 ಹೋಟೆಲುಗಳ ಸಿಬ್ಬಂದಿಗೆ ದೂರವಾಣಿ ಕರೆಮಾಡಿ, ಮಾತಿನಲ್ಲಿ ಮರುಳುಮಾಡಿ, ಬುಕಿಂಗ್ ಡಾಟ್ ಕಾಮ್‌ನ ವ್ಯವಸ್ಥೆಗೆ ಪ್ರವೇಶ ಪಡೆದ ವಂಚಕರು 4,109 ಜನರ ವಿವರಗಳನ್ನು ಕದ್ದರು. ಅವರಲ್ಲಿ 283 ಮಂದಿಯ ಕ್ರೆಡಿಟ್ ಕಾರ್ಡಿನ ವಿವರವೂ ಹೋಯಿತು. ಐರೋಪ್ಯ ಕಾನೂನಿನ ಪ್ರಕಾರ ಸೋರಿಕೆಯ ವಿಷಯ ತಿಳಿದ 72 ಗಂಟೆಗಳೊಳಗೆ ಮೇಲ್ವಿಚಾರಣಾ ಪ್ರಾಧಿಕಾರಕ್ಕೆ ತಿಳಿಸಬೇಕು. ಕಂಪನಿಗೆ 2019ರ ಜನವರಿ 13ರಂದು ವಿಷಯ ತಿಳಿದಿತ್ತು, ಪ್ರಾಧಿಕಾರಕ್ಕೆ ತಿಳಿಸಿದ್ದು ಫೆಬ್ರವರಿ 7ರಂದು. ಆ 22 ದಿನಗಳ ವಿಳಂಬಕ್ಕಾಗಿ ನೆದರ್ಲೆಂಡ್ಸಿನ ಪ್ರಾಧಿಕಾರ 4,75,000 ಯೂರೋ ದಂಡ ವಿಧಿಸಿದ್ದನ್ನು 2021ರಲ್ಲಿ ಪ್ರಕಟಿಸಿತು. ದಂಡ ಬಿದ್ದದ್ದು ಕಳವಿಗಲ್ಲ, ಕಳವನ್ನು ತಡವಾಗಿ ಹೇಳಿದ್ದಕ್ಕೆ. ಕಡತಗಳ ನಡುವೆ ಬದುಕುವ ನನ್ನಂಥವನಿಗೆ ಇದು ಬಹಳ ಸೊಗಸಾದ ಕಾನೂನೆನಿಸುತ್ತದೆ. ಕಳವನ್ನು ಸಂಪೂರ್ಣವಾಗಿ ತಡೆಯಲು ಯಾರಿಂದಲೂ ಆಗದು. ಆದರೆ ‘ನಿಮ್ಮ ಮನೆಯ ಕೀಲಿ ಕಳ್ಳನ ಕೈಯಲ್ಲಿದೆ’ ಎಂದು ಸಕಾಲಕ್ಕೆ ತಿಳಿಸುವುದು ಎಲ್ಲರಿಂದಲೂ ಆಗುವ ಕೆಲಸ.

ಸಕಾಲವೆಂದರೆ ನಮ್ಮಲ್ಲಿ ಏನಾಗಿತ್ತು? ಏರ್ ಇಂಡಿಯಾ ಆಗ ಇನ್ನೂ ಸರ್ಕಾರದ ಸಂಸ್ಥೆ. ಪ್ರಯಾಣಿಕರ ವಿವರಗಳನ್ನು ನೋಡಿಕೊಳ್ಳುತ್ತಿದ್ದ, ಜಿನೀವಾದಲ್ಲಿ ಕೇಂದ್ರ ಕಚೇರಿಯುಳ್ಳ ಸೀಟಾ ಎಂಬ ಕಂಪನಿಯ ಗಣಕಕ್ಕೆ 2021ರ ಆರಂಭದಲ್ಲಿ ಕನ್ನ ಬಿತ್ತು. 2011ರ ಆಗಸ್ಟ್ 26ರಿಂದ 2021ರ ಫೆಬ್ರವರಿ 3ರವರೆಗೆ ನೋಂದಣಿಯಾದ ಸುಮಾರು 45 ಲಕ್ಷ ಪ್ರಯಾಣಿಕರ ಹೆಸರು, ಜನ್ಮದಿನಾಂಕ, ಸಂಪರ್ಕ ವಿವರ, ಪಾಸ್‌ಪೋರ್ಟ್ ಮಾಹಿತಿ ಅದರಲ್ಲಿ ಸಿಕ್ಕಿತು. ಕಾರ್ಡಿನ ವಿವರಗಳೂ ಇದ್ದವು, ಹಿಂಬದಿಯ ಮೂರಂಕಿ ಮಾತ್ರ ಇರಲಿಲ್ಲ. ಫೆಬ್ರವರಿಯಲ್ಲಿ ಸಂಸ್ಥೆಗೆ ತಿಳಿದ ವಿಷಯವನ್ನು ಪ್ರಯಾಣಿಕರು ವಿವರವಾಗಿ ಓದಿದ್ದು ಮೇ ತಿಂಗಳಿನಲ್ಲಿ. ಆ ದಶಕದಲ್ಲಿ ಮಕ್ಕಳನ್ನು ನೋಡಲು ಹೋಗಿಬಂದ ತಂದೆತಾಯಂದಿರು ನಮ್ಮಲ್ಲಿ ಎಷ್ಟು ಮಂದಿ ಆ ಪಟ್ಟಿಯಲ್ಲಿದ್ದರೋ! ಮ್ಯಾರಿಯಟ್ ಹೋಟೆಲು ಸಮೂಹದ ಕಥೆ ಇದಕ್ಕಿಂತ ದೊಡ್ಡದು. ಆ ಸಮೂಹ 2016ರಲ್ಲಿ ಕೊಂಡುಕೊಂಡ ಸ್ಟಾರ್‌ವುಡ್ ಕಂಪನಿಯ ಗಣಕದಲ್ಲಿ ಕಳ್ಳರು 2014ರಿಂದಲೇ ಕುಳಿತಿದ್ದರು. ಕೊಂಡವರಿಗೆ ಅದು ಕಂಡದ್ದು 2018ರಲ್ಲಿ. ಸುಮಾರು 33.9 ಕೋಟಿ ಅತಿಥಿ ದಾಖಲೆಗಳ ಪೈಕಿ 52.5 ಲಕ್ಷ ಪಾಸ್‌ಪೋರ್ಟ್ ಸಂಖ್ಯೆಗಳು ಯಾವ ಸಂಕೇತಲಿಪಿಯ ಮುಚ್ಚಳಿಕೆಯೂ ಇಲ್ಲದೆ ಬರಿದಾಗಿ ಇದ್ದವು. ಬ್ರಿಟನ್ನಿನ ಮಾಹಿತಿ ಆಯುಕ್ತರು ಮೊದಲು 9.9 ಕೋಟಿ ಪೌಂಡ್ ದಂಡದ ಪ್ರಸ್ತಾಪ ಮಾಡಿ, ಕೊನೆಗೆ 2020ರಲ್ಲಿ 1.84 ಕೋಟಿ ಪೌಂಡಿಗೆ ಇಳಿಸಿದರು.

ಕಾರ್ಡು ಕಳೆದರೆ ಹೊಸ ಕಾರ್ಡು ಬರುತ್ತದೆ. ಪಾಸ್‌ಪೋರ್ಟನ್ನೂ ಒಂದಲ್ಲ ಒಂದು ದಿನ ಬದಲಾಯಿಸಬಹುದು. ಜನ್ಮದಿನಾಂಕವನ್ನೂ ತಾಯಿಯ ಹೆಸರನ್ನೂ ಬದಲಾಯಿಸುವುದು ಹೇಗೆ? ಹತ್ತು ವರ್ಷದ ಹಿಂದೆ ಸೋರಿದ್ದು ಇಂದಿಗೂ ಎರೆಯಾಗಿ ಕೆಲಸಮಾಡುತ್ತದೆ.

ಇನ್ನು ನೆರಳಚ್ಚಿನ ವಿಷಯ. ಪರದೇಶದ ಹೋಟೆಲಿನಲ್ಲಿ ಪಾಸ್‌ಪೋರ್ಟ್ ಕೇಳಿದೊಡನೆ ನಾವು ಕೊಡುತ್ತೇವೆ, ಅವರು ಅದನ್ನು ಯಂತ್ರದ ಮೇಲಿಟ್ಟು ಪ್ರತಿ ತೆಗೆಯುತ್ತಾರೆ. ಆ ಪ್ರತಿ ಎಲ್ಲಿ ಉಳಿಯುತ್ತದೆ, ಎಷ್ಟು ವರ್ಷ ಉಳಿಯುತ್ತದೆ ಎಂದು ನಾವು ಕೇಳಿದವರಲ್ಲ. 2025ರ ಆಗಸ್ಟಿನಲ್ಲಿ ಇಟಲಿಯ ಸರ್ಕಾರಿ ಗಣಕ ಭದ್ರತಾ ಘಟಕ ಒಂದು ಎಚ್ಚರಿಕೆ ಹೊರಡಿಸಿತು. ಸುಮಾರು ಹತ್ತು ಹೋಟೆಲುಗಳಿಂದ ಕದ್ದ, ಸಾವಿರಗಟ್ಟಲೆಯಲ್ಲಿ ಎಣಿಸಬೇಕಾದ ಪಾಸ್‌ಪೋರ್ಟ್ ಮತ್ತು ಗುರುತಿನ ಚೀಟಿಗಳ ಚಿತ್ರಗಳು ಕಳ್ಳಸಂತೆಯಲ್ಲಿ ಮಾರಾಟಕ್ಕಿವೆ ಎಂಬುದೇ ಆ ಎಚ್ಚರಿಕೆ. ಅವೆಲ್ಲ ಅತಿಥಿಗಳು ಸ್ವಾಗತಕಟ್ಟೆಯಲ್ಲಿ ಕೈಯಾರೆ ಕೊಟ್ಟವು. ಅದೇ ವರ್ಷ ಸ್ಪೇನಿನ ಮಾಹಿತಿ ರಕ್ಷಣಾ ಪ್ರಾಧಿಕಾರ, ಅತಿಥಿಯ ದಾಖಲೆಯನ್ನು ನೋಡಿ ಬೇಕಾದ ವಿವರ ಬರೆದುಕೊಳ್ಳಬಹುದೇ ಹೊರತು ಅದರ ಪ್ರತಿಯನ್ನು ಕೇಳಬಾರದೆಂದು ಹೋಟೆಲುಗಳಿಗೆ ಹೇಳಿತು. ನೋಡುವುದು ಬೇರೆ, ಇಟ್ಟುಕೊಳ್ಳುವುದು ಬೇರೆ. ಈ ಸಣ್ಣ ವಿವೇಕ ನಮ್ಮ ಕಚೇರಿಗಳಿಗೂ ಬರಬೇಕಾಗಿದೆ. ನಮ್ಮ ಬೆಂಗಳೂರಿನಿಂದಲೇ ಅಂಥ ಒಂದು ದನಿ ಎದ್ದಿತ್ತು. ಆಧಾರಿನ ನೆರಳಚ್ಚನ್ನು ಕಂಡಕಂಡವರಿಗೆ ಕೊಡಬೇಡಿ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮುಸುಕಿನ ಆಧಾರನ್ನು ಬಳಸಿ ಎಂದು ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ 2022ರ ಮೇ 27ರಂದು ಪ್ರಕಟಣೆ ಹೊರಡಿಸಿತು. ಜನ ಅದನ್ನು ತಪ್ಪಾಗಿ ಅರ್ಥಮಾಡಿಕೊಳ್ಳಬಹುದೆಂಬ ಕಾರಣಕ್ಕೆ ಎರಡೇ ದಿನದಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ನಾನು ಕಂಡಮಟ್ಟಿಗೆ ಜನ ಅದನ್ನು ಸರಿಯಾಗಿಯೇ ಅರ್ಥಮಾಡಿಕೊಂಡಿದ್ದರು. ಮುಸುಕಿನ ಆಧಾರಿನ ಸೌಲಭ್ಯವಂತೂ ರದ್ದಾಗಲಿಲ್ಲ.

ವಿದೇಶಯಾತ್ರೆಯ ಮೊದಲ ಮೆಟ್ಟಿಲಾದ ವೀಸಾದಲ್ಲೂ ಇದೇ ಕಥೆ. ಬ್ರಿಟನ್ನಿನ ವೀಸಾಕ್ಕೆ ಭಾರತದಿಂದ ಅಂತರಜಾಲದ ಮೂಲಕ ಅರ್ಜಿ ಹಾಕುವ ವ್ಯವಸ್ಥೆಯನ್ನು ಒಂದು ಗುತ್ತಿಗೆ ಕಂಪನಿ ನಡೆಸುತ್ತಿತ್ತು. ವಿಳಾಸದ ಸಾಲಿನಲ್ಲಿ ಒಂದೆರಡು ಅಂಕಿ ಬದಲಿಸಿದರೆ ಬೇರೊಬ್ಬರ ಅರ್ಜಿ ತೆರೆದುಕೊಳ್ಳುತ್ತದೆಂದು 2005ರ ಕೊನೆಯಲ್ಲೇ ಭಾರತೀಯ ಅರ್ಜಿದಾರರೊಬ್ಬರು ಕಂಡುಹಿಡಿದು ಸಂಬಂಧಪಟ್ಟವರಿಗೆ ಬರೆದು ತಿಳಿಸಿದರು. ಫಲವಾಗಲಿಲ್ಲ. 2007ರ ಮೇ ತಿಂಗಳಿನಲ್ಲಿ ಬ್ರಿಟನ್ನಿನ ಚಾನೆಲ್ 4 ಸುದ್ದಿವಾಹಿನಿ ಅದನ್ನು ಬಯಲಿಗಿಟ್ಟ ಮೇಲೆ ತನಿಖೆ ನಡೆಯಿತು, ಬ್ರಿಟಿಷ್ ವಿದೇಶಾಂಗ ಕಚೇರಿಯೇ ಮಾಹಿತಿ ರಕ್ಷಣಾ ಕಾನೂನನ್ನು ಉಲ್ಲಂಘಿಸಿದೆಯೆಂದು ಆ ವರ್ಷಾಂತ್ಯದಲ್ಲಿ ತೀರ್ಮಾನವಾಯಿತು. ಅರ್ಜಿದಾರನ ಪತ್ರಕ್ಕೆ ಸಿಗದ ಬೆಲೆ ದೂರದರ್ಶನದ ಸುದ್ದಿಗೆ ಸಿಕ್ಕಿತು. ಇದು ಎಲ್ಲ ದೇಶಗಳ ಆಡಳಿತಕ್ಕೂ ಸಮಾನವಾದ ರೋಗ.

ನಕಲಿ ತಾಣಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸಿಂಗಪುರದ ಆಗಮನ ಪತ್ರವಾಗಲಿ, ಥಾಯ್ಲೆಂಡ್ 2025ರ ಮೇ 1ರಿಂದ ಜಾರಿಗೆ ತಂದ ಗಣಕೀಕೃತ ಆಗಮನ ಪತ್ರವಾಗಲಿ ಸಂಪೂರ್ಣ ಉಚಿತವೆಂದು ಆ ಸರ್ಕಾರಗಳು ಸಾರಿಹೇಳಿವೆ. ಆದರೂ ಹುಡುಕಾಟದ ಮೊದಲ ಸಾಲಿನಲ್ಲಿ ಹಣ ಕೇಳುವ ತಾಣ ಬರುತ್ತದೆ. ಹೋಗುವುದು ಹಣವಷ್ಟೇ ಆದರೆ ಚಿಂತೆಯಿಲ್ಲ, ಪಾಸ್‌ಪೋರ್ಟಿನ ಪೂರ್ಣ ವಿವರವೂ ಅದರೊಂದಿಗೆ ಹೋಗುತ್ತದೆ. ನಮ್ಮ ಪಾಸ್‌ಪೋರ್ಟ್ ಸೇವೆಯ ಹೆಸರಿನಲ್ಲೂ ಇಂಥ ನಕಲಿಗಳಿವೆ. ಅಸಲಿಯ ವಿಳಾಸ ‘ಪಾಸ್‌ಪೋರ್ಟ್‌ಇಂಡಿಯಾ ಡಾಟ್ ಗೌ ಡಾಟ್ ಇನ್’, ಕೊನೆಯ ‘ಗೌ ಡಾಟ್ ಇನ್’ ಇದೆಯೇ ಎಂದು ನೋಡಿಕೊಳ್ಳಿ. ವಾಷಿಂಗ್ಟನ್ನಿನ ನಮ್ಮ ರಾಯಭಾರ ಕಚೇರಿ 2018ರ ಮಾರ್ಚ್‌ನಲ್ಲಿ ಒಂದು ಎಚ್ಚರಿಕೆ ಕೊಟ್ಟಿತ್ತು. ಕಚೇರಿಯ ದೂರವಾಣಿ ಸಂಖ್ಯೆಯೇ ಕಾಣುವಂತೆ ಕರೆಮಾಡಿ, ‘ನಿಮ್ಮ ಪಾಸ್‌ಪೋರ್ಟಿನಲ್ಲಿ, ವೀಸಾ ಅರ್ಜಿಯಲ್ಲಿ ದೋಷವಿದೆ, ಹಣ ಕಟ್ಟಿದರೆ ಸರಿಪಡಿಸುತ್ತೇವೆ’ ಎಂದು ಭಾರತೀಯರನ್ನು ಹೆದರಿಸುವವರಿದ್ದಾರೆ ಎಂದು. ಪರದೇಶದಲ್ಲಿರುವವನಿಗೆ ಕಾಗದಪತ್ರದ ಭಯ ಎಷ್ಟೆಂಬುದು ವಂಚಕನಿಗೆ ಚೆನ್ನಾಗಿ ಗೊತ್ತು.

ವಿಮಾನದ ಟಿಕೆಟ್ಟಿನ ಮೇಲೆ ಆರಕ್ಷರದ ಒಂದು ಸಂಕೇತವಿರುತ್ತದೆ. ಅದೂ ನಿಮ್ಮ ಕುಲನಾಮವೂ ಸೇರಿದರೆ ಅನೇಕ ಕಡೆ ಅದೇ ಬೀಗ, ಅದೇ ಕೀಲಿ. ಬೇರೆ ಗುಪ್ತಪದವನ್ನು ಕೇಳುವುದಿಲ್ಲ. ಈ ದೌರ್ಬಲ್ಯವನ್ನು ಜರ್ಮನಿಯ ಕಾರ್ಸ್ಟನ್ ನೋಲ್ ಮತ್ತು ಅವರ ಸಂಗಡಿಗ 2016ರಲ್ಲೇ ಸಭೆಯ ಮುಂದೆ ತೋರಿಸಿದ್ದರು. ಆಸ್ಟ್ರೇಲಿಯದ ಮಾಜಿ ಪ್ರಧಾನಿ ಟೋನಿ ಆಬಟ್ 2020ರ ಮಾರ್ಚ್‌ನಲ್ಲಿ ತಮ್ಮ ಬೋರ್ಡಿಂಗ್ ಪಾಸಿನ ಚಿತ್ರವನ್ನು ಸಂತೋಷದಿಂದ ಇನ್‌ಸ್ಟಾಗ್ರಾಮಿನಲ್ಲಿ ಹಾಕಿದರು. ತರುಣನೊಬ್ಬ ಅದರಲ್ಲಿದ್ದ ಸಂಕೇತದಿಂದ ವಿಮಾನ ಕಂಪನಿಯ ತಾಣವನ್ನು ಹೊಕ್ಕು, ಮಾಜಿ ಪ್ರಧಾನಿಯ ಪಾಸ್‌ಪೋರ್ಟ್ ಸಂಖ್ಯೆಯನ್ನೂ ದೂರವಾಣಿ ಸಂಖ್ಯೆಯನ್ನೂ ಕಂಡುಕೊಂಡ. ಪುಣ್ಯಕ್ಕೆ ಅವನು ಸಜ್ಜನ, ಸರ್ಕಾರಕ್ಕೂ ಕಂಪನಿಗೂ ತಿಳಿಸಿದ. ನಮ್ಮಲ್ಲಿ ವಿಮಾನ ಏರುವ ಮೊದಲು ಕುಟುಂಬದ ವಾಟ್ಸಾಪ್ ಗುಂಪಿಗೆ ಆ ಚಿತ್ರ ಹೋಗದಿದ್ದರೆ ಪ್ರಯಾಣವೇ ಪೂರ್ಣವಾಗುವುದಿಲ್ಲ!

ಓಟಿಪಿ ಕೇಳದೆ ಹಣ ಹೋಯಿತೆಂದು ಆಗ ಹೇಳಿದೆನಲ್ಲ, ಅದನ್ನು ಬಿಡಿಸಿ ಹೇಳಬೇಕು. ಅಂತರಜಾಲದಲ್ಲಿ ಕಾರ್ಡಿನಿಂದ ಹಣ ಕೊಡುವಾಗ ಎರಡನೆಯ ದೃಢೀಕರಣ ಬೇಕೆಂದು ರಿಜರ್ವ್ ಬ್ಯಾಂಕು 2009ರಿಂದಲೇ ದೇಶದೊಳಗೆ ಕಡ್ಡಾಯ ಮಾಡುತ್ತ ಬಂದಿತು. ಆದ್ದರಿಂದ ಓಟಿಪಿಯನ್ನು ಯಾರಿಗೂ ಹೇಳದಿದ್ದರೆ ಸುರಕ್ಷಿತವೆಂದು ನಾವು ನಂಬಿದ್ದೇವೆ. ಆದರೆ ಪರದೇಶದ ಅಂಗಡಿಯವನನ್ನು ಆ ನಿಯಮ ನೇರವಾಗಿ ಕಟ್ಟಿಹಾಕಲಿಲ್ಲ. ಕಾರ್ಡಿನ ಸಂಖ್ಯೆ, ಅವಧಿ, ಹಿಂಬದಿಯ ಮೂರಂಕಿ ಇಷ್ಟರಿಂದಲೇ ಅಲ್ಲಿ ವ್ಯವಹಾರ ಮುಗಿಯಬಹುದು. ಇದಕ್ಕೆ ಕೈಗೆಟಕುವ ಮದ್ದು ಒಂದಿದೆ. ಹೊಸ ಕಾರ್ಡುಗಳಲ್ಲಿ ವಿದೇಶಿ ವ್ಯವಹಾರವನ್ನು ಮೊದಲಿಗೆ ಮುಚ್ಚಿಯೇ ಕೊಡಬೇಕು, ಗ್ರಾಹಕ ಬೇಕೆಂದಾಗ ತೆರೆಯುವ, ಮುಚ್ಚುವ, ಮಿತಿ ಗೊತ್ತುಮಾಡುವ ಸೌಲಭ್ಯ ಹಗಲಿರುಳೂ ಇರಬೇಕು ಎಂದು ರಿಜರ್ವ್ ಬ್ಯಾಂಕು 2020ರ ಜನವರಿಯಲ್ಲಿ ಆದೇಶಿಸಿತು. ಕೊಠಡಿಗೆ ಹಣ ಕೊಟ್ಟೊಡನೆ ಆ ಬಾಗಿಲನ್ನು ಮುಚ್ಚಿ, ಊರು ತಲುಪಿದ ಮೇಲೆ ಬೇಕಾದಷ್ಟು ಮಿತಿಗೆ ತೆರೆಯಿರಿ, ಹಿಂದಿರುಗಿದ ದಿನವೇ ಮತ್ತೆ ಮುಚ್ಚಿ. ನಮ್ಮ ಹಿರಿಯರಲ್ಲಿ ಬಹಳ ಮಂದಿ ಒಮ್ಮೆ ತೆರೆದುದನ್ನು ವರ್ಷಗಟ್ಟಲೆ ಹಾಗೆಯೇ ಬಿಟ್ಟಿರುತ್ತಾರೆ.

ನಷ್ಟವಾದ ಮೇಲೆ ಹೊಣೆ ಯಾರದು? ರಿಜರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಈ ವಿಷಯದಲ್ಲಿ ಗ್ರಾಹಕನಿಗೆ ಕೊಟ್ಟ ರಕ್ಷಣೆ ಸಣ್ಣದಲ್ಲ. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕನದೂ ಅಲ್ಲ, ವ್ಯವಸ್ಥೆಯಲ್ಲಿ ಬೇರೆಲ್ಲೋ ಇದೆಯೆಂದಾದರೆ, ಮೂರು ಕೆಲಸದ ದಿನಗಳೊಳಗೆ ತಿಳಿಸಿದವನಿಗೆ ನಷ್ಟದ ಹೊಣೆಯಿಲ್ಲ. ಆದರೆ ಗ್ರಾಹಕ ತನ್ನ ವಿವರಗಳನ್ನು ತಾನೇ ಬಿಟ್ಟುಕೊಟ್ಟಿದ್ದರೆ ಅದು ಅವನ ನಿರ್ಲಕ್ಷ್ಯ, ದೂರು ಕೊಡುವವರೆಗಿನ ನಷ್ಟ ಅವನದೇ. ಇಲ್ಲಿಯೇ ನನ್ನ ತಕರಾರು. ಹೋಟೆಲಿನ ಅಧಿಕೃತ ಖಾತೆಯಿಂದ, ಜಾಲತಾಣದ ಅಧಿಕೃತ ಪೆಟ್ಟಿಗೆಗೆ, ನಿಜವಾದ ಸಂಖ್ಯೆ, ನಿಜವಾದ ದಿನಾಂಕದೊಡನೆ ಬಂದ ಸಂದೇಶವನ್ನು ನಂಬುವುದನ್ನು ನಿರ್ಲಕ್ಷ್ಯವೆಂದು ಕರೆಯಬಹುದೇ? ಗುರುತಿನ ಚೀಟಿ ತೋರಿಸಿದ ಪೋಸ್ಟ್‌ಮ್ಯಾನನಿಗೆ ಬಾಗಿಲು ತೆರೆದವನನ್ನು ನಿರ್ಲಕ್ಷ್ಯದವನೆನ್ನುತ್ತೇವೆಯೇ? ಚೀಟಿಯನ್ನು ಕಳೆದುಕೊಂಡ ಕಚೇರಿ ಉತ್ತರ ಹೇಳಬೇಕು. ಬ್ಯಾಂಕಿನ ಕೌಂಟರಿನಲ್ಲಿ ಈ ವಾದವನ್ನು ಹೂಡಲು ನಮ್ಮ ಹಿರಿಯರಿಗೆ ಧೈರ್ಯವಿರುವುದಿಲ್ಲ. ‘ನೀವೇ ತುಂಬಿದಿರಲ್ಲ’ ಎಂದೊಡನೆ ತಲೆತಗ್ಗಿಸಿ ಬರುತ್ತಾರೆ.

ಈ ಕ್ಷೇತ್ರದಲ್ಲಿ ದಾರಿ ತೋರಿದ ಇಬ್ಬರು ನಮ್ಮವರೆಂಬುದನ್ನು ನೆನೆಯಬೇಕು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ತಮ್ಮ 86ನೆಯ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ವ್ಯವಸ್ಥೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವು ಮೂಲಭೂತ ಹಕ್ಕೆಂದು ಏಕಮತದಿಂದ ಸಾರಿತು. ಮಾಹಿತಿ ರಕ್ಷಣೆಗೆ ಕರಡು ಕಾನೂನನ್ನು 2018ರಲ್ಲಿ ಒಪ್ಪಿಸಿದ ಸಮಿತಿಯ ಅಧ್ಯಕ್ಷರು ಬೆಂಗಳೂರಿನಲ್ಲಿ ಹುಟ್ಟಿ ಇದೇ ಮುಂಬಯಿಯಲ್ಲಿ ವಕೀಲರೂ ನ್ಯಾಯಮೂರ್ತಿಗಳೂ ಆಗಿ ಹೆಸರಾದ ಬಿ. ಎನ್. ಶ್ರೀಕೃಷ್ಣ ಅವರು. 2023ರ ಆಗಸ್ಟಿನಲ್ಲಿ ಕಾಯಿದೆಯಾಗಿ ಬಂದದ್ದು ಆ ಕರಡಲ್ಲ, ಬೇರೊಂದು ರೂಪ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದಾಗ, ಮುಖ್ಯ ಹೊಣೆಗಾರಿಕೆಗಳು ಜಾರಿಯಾಗಲು 18 ತಿಂಗಳ ಅವಧಿಯನ್ನು ಕೊಡಲಾಯಿತು.

ಕಾಯಿದೆಯಲ್ಲಿ ಒಳ್ಳೆಯದಿದೆ. ಮಾಹಿತಿ ಸೋರಿದರೆ ಮಂಡಳಿಗೆ ಮಾತ್ರವಲ್ಲ, ಸಂಬಂಧಪಟ್ಟ ಪ್ರತಿಯೊಬ್ಬ ವ್ಯಕ್ತಿಗೂ ತಿಳಿಸಬೇಕು. ಭಾರತದಲ್ಲಿರುವವರಿಗೆ ಸೇವೆ ಮಾರುವ ಹೊರದೇಶದ ಕಂಪನಿಗೂ ಇದು ಅನ್ವಯಿಸುತ್ತದೆ. ರಕ್ಷಣೆಯಲ್ಲಿ ತಪ್ಪಿದರೆ 250 ಕೋಟಿ ರೂಪಾಯಿಯವರೆಗೆ ದಂಡ. ಆದರೆ ಆ ದಂಡ ಹೋಗುವುದು ಭಾರತದ ಸಂಚಿತ ನಿಧಿಗೆ. ಮೋಸಹೋದ ನಿವೃತ್ತನಿಗೆ ಅದರಿಂದ ಒಂದು ಪೈಸೆಯೂ ಬರುವುದಿಲ್ಲ. ಮಾಹಿತಿ ತಂತ್ರಜ್ಞಾನ ಕಾಯಿದೆಯ 43ಎ ಕಲಮಿನಲ್ಲಿ, ನಿರ್ಲಕ್ಷ್ಯದಿಂದ ಮಾಹಿತಿ ಸೋರಲು ಬಿಟ್ಟ ಕಂಪನಿಯಿಂದ ಪರಿಹಾರ ಕೇಳುವ ದಾರಿಯೊಂದಿತ್ತು, ಹೊಸ ಕಾಯಿದೆ ಅದನ್ನು ತೆಗೆದುಹಾಕುವ ವಿಧಿಯನ್ನೂ ಒಳಗೊಂಡಿದೆ. ಸರ್ಕಾರದ ಅಂಗಸಂಸ್ಥೆಗಳಿಗೆ ವಿನಾಯಿತಿ ಕೊಡುವ ಅಧಿಕಾರವನ್ನೂ ಅದು ಸರ್ಕಾರಕ್ಕೇ ಕೊಟ್ಟಿದೆ. ಇದರ ಬಗ್ಗೆ ನನ್ನ ಸ್ಥಾನದಲ್ಲಿರುವವನು ಹೆಚ್ಚು ಮಾತಾಡುವುದು ಉಚಿತವಲ್ಲ. ಪರಿಹಾರದ ವಿಷಯವನ್ನಂತೂ ನಮ್ಮಂಥ ಸಂಘಗಳು ಸಂಸದರ ಮುಂದಿಡಬೇಕು. ಭಾಷೆಯ ವಿಷಯಕ್ಕೆ ಮನವಿ ಬರೆದು ಅಭ್ಯಾಸವಿರುವ ಕೈಗಳೇ ಇದನ್ನೂ ಬರೆಯಬಹುದು.

ಹಾಗಾದರೆ ಪಯಣಿಗ ಮಾಡಬೇಕಾದದ್ದೇನು? ಬಂದ ದಾರಿಯಲ್ಲಿ ಉತ್ತರಿಸಬಾರದು, ಇದೊಂದನ್ನು ಹಿಡಿದರೆ ಬಹುಪಾಲು ಮುಗಿಯಿತು. ಹಣದ ಮಾತು ಬಂದೊಡನೆ, ಸಂದೇಶ ಎಷ್ಟೇ ಅಧಿಕೃತವಾಗಿ ಕಾಣಲಿ, ಅದರೊಳಗಿನ ಕೊಂಡಿಯನ್ನು ಮುಟ್ಟದೆ, ಹೋಟೆಲಿನ ಸ್ವಂತ ತಾಣದಿಂದ ದೂರವಾಣಿ ಸಂಖ್ಯೆ ಹುಡುಕಿ ನೀವೇ ಕರೆಮಾಡಿ. ಕೊಠಡಿ ರದ್ದಾದರೆ ಆಗಲಿ, ಬೇರೆ ಕೊಠಡಿ ಸಿಗುತ್ತದೆ. ಪಾಸ್‌ಪೋರ್ಟಿನ ಪ್ರತಿ ಕೊಡಲೇಬೇಕಾದಲ್ಲಿ, ಯಾರಿಗೆ, ಯಾವ ಉದ್ದೇಶಕ್ಕೆ, ಯಾವ ದಿನ ಎಂದು ಅದರ ಮೇಲೆ ಅಡ್ಡಲಾಗಿ ಬರೆದು ಕೊಡಿ. ಬ್ಯಾಂಕಿಗೆ ಹೊರದೇಶದಿಂದ ಕರೆಮಾಡುವ ಸಂಖ್ಯೆಯನ್ನು ಕಾಗದದ ಮೇಲೆ ಬರೆದು ಕಿಸೆಯಲ್ಲಿಡಿ, ಕಳವಾದ ದಿನ ಫೋನೂ ಕಳವಾಗಿರಬಹುದು. ನಮ್ಮ 1930 ಸಹಾಯವಾಣಿ ದೇಶದೊಳಗೆ ಬಹಳ ಉಪಯುಕ್ತ. ಆದರೆ ಅದು ದೇಶದೊಳಗಿನ ಕಿರುಸಂಖ್ಯೆ, ಪರದೇಶದ ದೂರವಾಣಿ ಜಾಲದಲ್ಲಿ ಅದನ್ನೇ ನಂಬಿ ಕುಳಿತಿರುವಂತಿಲ್ಲ. ಮೊದಲು ಕಾರ್ಡು ಮುಚ್ಚಿಸಿ, ದೂರಿನ ಸಂಖ್ಯೆ ಪಡೆದುಕೊಳ್ಳಿ, ಆಮೇಲೆ ರಾಷ್ಟ್ರೀಯ ಸೈಬರ್ ಅಪರಾಧ ತಾಣದಲ್ಲಿ ದೂರು ದಾಖಲಿಸಿ, ವಿವಾದಿತ ಮೊತ್ತವನ್ನು ಹಿಂಪಡೆಯಲು ಬ್ಯಾಂಕಿಗೆ ಬರವಣಿಗೆಯಲ್ಲಿ ಅರ್ಜಿ ಕೊಡಿ. ಮನೆಯಲ್ಲಿ ಹೇಳುವುದೂ ಅಂದೇ ಆಗಬೇಕು. ಇಲ್ಲಿ ಕುಳಿತಿರುವ ಕಿರಿಯರಿಗೆ ನನ್ನ ವಿನಂತಿ: ತಂದೆಯೋ ಅತ್ತೆಯೋ ಬಂದು ‘ಹೀಗಾಯಿತು’ ಎಂದಾಗ ಮೊದಲ ಮಾತು ‘ಯಾಕೆ ಒತ್ತಿದಿರಿ’ ಎಂಬುದಾಗದಿರಲಿ. ಆ ಒಂದು ಮಾತಿನ ಭಯದಿಂದಲೇ ಮೂರು ದಿನಗಳ ಅವಧಿ ಮೀರಿಹೋಗುತ್ತದೆ.

ಕೊನೆಯದಾಗಿ ನಮ್ಮ ಮನೆಯ ವಿಷಯ. ಪ್ರವಾಸ ಸಮಿತಿಯ ಅರ್ಜಿ ನಮೂನೆಯನ್ನು ಕಾರ್ಯದರ್ಶಿಗಳು ನನಗೆ ತೋರಿಸಿದರು. ಅದರಲ್ಲಿ 17 ಅಂಕಣಗಳಿವೆ. ತಾಯಿಯ ಹೆಸರು, ಆಧಾರ್ ಸಂಖ್ಯೆ, ಪ್ಯಾನ್ ಸಂಖ್ಯೆ ಎಲ್ಲವೂ ಇವೆ. ಹಿಂದಿನ ಯಾತ್ರೆಗೆ ಬಂದ ಅರ್ಜಿಗಳೂ ಪಾಸ್‌ಪೋರ್ಟ್ ಪ್ರತಿಗಳೂ ಕಚೇರಿಯ ಕಪಾಟಿನಲ್ಲಿ ಇನ್ನೂ ಇವೆ, ಅವುಗಳ ಚಿತ್ರಗಳು ನಲವತ್ತೆರಡು ಸದಸ್ಯರಿರುವ ವಾಟ್ಸಾಪ್ ಗುಂಪಿನಲ್ಲಿಯೂ ಇವೆ. ಸಮಿತಿಯವರು ನಿಸ್ವಾರ್ಥ ಸೇವಕರು, ಅವರನ್ನು ದೂರುತ್ತಿಲ್ಲ. ಆದರೆ ನಾವೂ ಮಾಹಿತಿಯ ಪಾಲಕರೇ ಎಂಬುದನ್ನು ಮರೆತಿದ್ದೇವೆ. ಆಧಾರ್, ಪ್ಯಾನ್, ತಾಯಿಯ ಹೆಸರು ಸಂಘಕ್ಕೆ ಬೇಕಿಲ್ಲ. ಟ್ರಾವೆಲ್ ಏಜೆಂಟರಿಗೆ ಬೇಕಾದರೆ ಸದಸ್ಯರೇ ನೇರವಾಗಿ ಅವರಿಗೆ ಕೊಡಲಿ, ಯಾತ್ರೆ ಮುಗಿದ ಮೇಲೆ ಪ್ರತಿಗಳನ್ನು ಅಳಿಸುವುದಾಗಿ ಅವರಿಂದ ಬರವಣಿಗೆಯಲ್ಲಿ ಪಡೆಯೋಣ. ಗುಂಪಿನಲ್ಲಿರುವ ಚಿತ್ರಗಳನ್ನು ಹಾಕಿದವರೇ ಅಳಿಸಲಿ, ಸಾಧ್ಯವಾಗದಿದ್ದರೆ ಗುಂಪನ್ನೇ ಮುಚ್ಚಿ ಹೊಸದನ್ನು ಆರಂಭಿಸೋಣ. ಕಪಾಟಿನಲ್ಲಿರುವುದನ್ನು ಇಬ್ಬರು ಸದಸ್ಯರ ಸಮ್ಮುಖದಲ್ಲಿ ಹರಿದುಹಾಕಿ, ಹಾಗೆ ಮಾಡಿದೆವೆಂದು ನಡಾವಳಿ ಪುಸ್ತಕದಲ್ಲಿ ಬರೆಯೋಣ. ಈ ಮೂರನ್ನೂ ಒಂದು ಠರಾವಿನ ರೂಪದಲ್ಲಿ ಬರೆದು ತಂದಿದ್ದೇನೆ. ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಮಂಡಿಸಲು ಅನುವಾಗುವಂತೆ ಅದನ್ನು ಅಧ್ಯಕ್ಷರ ಕೈಗೆ ಒಪ್ಪಿಸುತ್ತಿದ್ದೇನೆ. ಅನುಮೋದಕರ ಸಹಿಯ ಜಾಗವನ್ನು ಖಾಲಿ ಬಿಟ್ಟಿದ್ದೇನೆ, ಸಭೆ ಮುಗಿದ ಮೇಲೆ ಹೋಟೆಲು ಉದ್ಯಮದ ಹಿರಿಯರಲ್ಲಿ ಯಾರಾದರೊಬ್ಬರು ಸಹಿ ಮಾಡುವ ಕೃಪೆ ಮಾಡಬೇಕು.